ಕೊನೆಯ ಪುಟದಲ್ಲಿ ಅಮ್ಮ

ಮಾರ್ಚ್ 3, ಬೆಳಿಗ್ಗೆ

ಮಕ್ಕಳ ಚಿತ್ರಪುಸ್ತಕದ ಏಳನೆಯ ಪುಟಕ್ಕೆ ಬಣ್ಣ. ಕಿಟಕಿಯ ಬಳಿ ಹುಡುಗಿ, ಮಡಿಲಲ್ಲಿ ಅಮ್ಮನ ಚಪ್ಪಲಿ. ಮಾಡೆಲ್ ನಮ್ಮ ಕೆಂಜಿಗ — ಅಕ್ಕನ ಮಗಳು, ಆರು ವರ್ಷ. ಸಿಟ್ಟು ಬಂದರೆ ಕೆಂಪಿರುವೆಯ ಹಾಗೆ ಕಚ್ಚುತ್ತಾಳೆ, ಅದಕ್ಕೇ ಆ ಹೆಸರು. ಅಕ್ಕನಿಗೆ ಹಡಗಿನ ಅಡುಗೆಮನೆಯಲ್ಲಿ ಕೆಲಸ. ಹೋಗಿ ವರ್ಷದ ಮೇಲಾಯಿತು. ಫೋನ್ ಸಿಕ್ಕರೆ ಸಿಕ್ಕಿತು.

"ಅಲ್ಲಾಡಬೇಡ್ವೇ. ನೋಡದೇ ಇರೋದನ್ನ ನಾನು ಬಿಡಿಸಲ್ಲ ಅಂತ ಗೊತ್ತಲ್ಲ?"

ಗೊತ್ತು. ಮರ ಬೇಕಾದರೆ ಮರದ ಮುಂದೆ, ಬೆಕ್ಕು ಬೇಕಾದರೆ ಬೆಕ್ಕಿನ ಹಿಂದೆ ನನ್ನ ಜೊತೆ ಅಲೆದಿದ್ದಾಳೆ.

ಮಾರ್ಚ್ 6

ಶಾಲೆಯಿಂದ ಫೋನ್. ಪಕ್ಕದ ಹುಡುಗನ ಕಿವಿ ಕಚ್ಚಿದ್ದಾಳೆ. ರಕ್ತ. "ನಿನ್ನಮ್ಮ ಬರಲ್ಲ ಅಂದ" — ಇಷ್ಟೇ ಅವಳ ವಾದ. ಅವನ ಅಪ್ಪ ಗೇಟಿನಲ್ಲಿ ನನ್ನ ಮೇಲೆ ಕೈ ಎತ್ತಿದ. ನಾನು ಛತ್ರಿ ಎತ್ತಿದೆ. ಟೀಚರ್ ನಡುವೆ ಬಂದರು. ಕಚ್ಚುವುದು ಮನೆತನದ ಗುಣವೇ ಇರಬೇಕು.

ಮಾರ್ಚ್ 14, ಸಂಜೆ

ಪ್ರಕಾಶಕರದು ಒಂದೇ ಹಟ. "ಕೊನೇ ಪುಟದಲ್ಲಿ ಅಮ್ಮ ಬರ್ಲೇಬೇಕು ಕಣಮ್ಮ. ಮಕ್ಕಳು ಅಳ್ತಾ ಪುಸ್ತಕ ಮುಚ್ಚಬಾರದು."

ಒಪ್ಪಿದೆ. ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಚೀಲ. ಎದುರು ನಗುವ ಹುಡುಗಿ. ಅಮ್ಮನಿಗೆ ಬೇರೆ ಮುಖ ಹೊಳೆಯಲಿಲ್ಲ. ಅಕ್ಕನದೇ ಬಂತು, ಹುಬ್ಬಿನ ಗಾಯದ ಸಮೇತ. ಒಣಗಲೆಂದು ಮೇಜಿನ ಮೇಲೆ ಬಿಟ್ಟಿದ್ದೇನೆ. ಟೆರೇಸಿನಿಂದ ಬಟ್ಟೆ ತರಬೇಕು.

ಮಾರ್ಚ್ 15

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಹೊಲಿಗೆ.

ನಿನ್ನೆ ಕೆಳಗಿಳಿದು ಬಂದರೆ ಬೀರುವಿನ ಬಟ್ಟೆಯೆಲ್ಲ ನೆಲದಲ್ಲಿ. ಬೀಗ ಹಾಕಿದ್ದ ಸ್ಟೋರ್ ರೂಮಿನ ಬಾಗಿಲ ಗಾಜು ಚೂರುಚೂರು. ಇವಳ ಕೈಯಲ್ಲಿ ಸುತ್ತಿಗೆ.

"ಅಮ್ಮನ್ನ ಎಲ್ಲಿ ಬಚ್ಚಿಟ್ಟಿದ್ದೀಯ?"

"ಇಲ್ಲ ಕಣೇ, ಅದು ಬರೀ ಚಿತ್ರ —"

"ನೋಡದೇ ಬಿಡಿಸಲ್ಲ ಅಂದಿದ್ದೆ! ನೀನು ನೋಡಿದ್ದೀಯ! ನಂಗೆ ತೋರಿಸ್ತಿಲ್ಲ!"

ಸುತ್ತಿಗೆ ಕಿತ್ತುಕೊಂಡೆ. ಮೇಜಿನ ಮೇಲಿನ ಪೇಪರ್ ಕಟರ್ ಅವಳ ಕೈಗೆ ಸಿಕ್ಕಿತು. ನನ್ನ ಅಂಗೈ ಸೀಳಿತು. ಅದೇ ಕೈಯಲ್ಲಿ ಕಪಾಳಕ್ಕೆ ಬಿಟ್ಟೆ... ನನ್ನ ರಕ್ತ ಅವಳ ಕೆನ್ನೆಗೆ ಮೆತ್ತಿತು. ಅಳಲಿಲ್ಲ. ನನ್ನ ಮೊಣಕೈಗೆ ಬಾಯಿ ಹಾಕಿದಳು. ಇಬ್ಬರೂ ಗಾಜಿನ ಮೇಲೆ ಬಿದ್ದೆವು.

ಅವಳ ಮೇಲೆ ಸಿಟ್ಟಿಲ್ಲ. ನನ್ನ ಮೇಲಿದೆ, ಹೇಳತೀರದಷ್ಟು.

ಮಾರ್ಚ್ 29

ಇವತ್ತು ಆ ಪುಟವನ್ನು ಅವಳೆದುರೇ ಹರಿದೆ.

"ನಾನು ಅಮ್ಮನ್ನ ನೋಡಿರಲಿಲ್ಲ ಕಣೇ. ಸುಳ್ಳು ಬಿಡಿಸಿದೆ. ತಪ್ಪಾಯ್ತು."

ತುಂಡುಗಳನ್ನು ಕಾಲಲ್ಲಿ ತಳ್ಳಿದಳು. "ಅಮ್ಮ ಬಂದ್ರೆ ನಾನು ಹಾಗೆ ನಗಲ್ಲ. ಹೊಡೀತೀನಿ."

"ಎಲ್ಲಿಗೆ?"

"ಹೊಟ್ಟೆಗೆ. ಎರಡೂ ಕೈಲಿ. ಸುಸ್ತಾಗೋವರೆಗೂ."

"ಅಮ್ಮ ಏನ್ಮಾಡ್ತಾಳೆ?"

"ಹೊಡೆಸ್ಕೋತಾಳೆ."

ಪ್ರಕಾಶಕರಿಗೆ ಹೇಳಿದೆ: ಅಕ್ಕ ಬರುವವರೆಗೆ ಕೊನೆಯ ಪುಟ ಇಲ್ಲ. ಬಾಯಿಗೆ ಬಂದಂತೆ ಬೈದರು. ಬೈಯಲಿ.

ಮೇ 11, ಮಧ್ಯಾಹ್ನ

ಕೈ ಪರವಾಗಿಲ್ಲ, ಬೆರಳು ಮಡಚುತ್ತದೆ. ಬೆಳಿಗ್ಗೆಯಿಂದ ಬೇರೆ ಎರಡು ಪುಸ್ತಕಗಳ ಕವರ್ ಸ್ಕೆಚ್ —

ಕೆಳಗೆ ಟ್ಯಾಕ್ಸಿ. ಮೆಟ್ಟಿಲಲ್ಲಿ ಅಕ್ಕನ ದನಿ! ಹೇಳದೆ ಕೇಳದೆ...

ಬಾಗಿಲು ತೆಗೆದವಳು ಕೆಂಜಿಗ. ಅಕ್ಕ ಇನ್ನೂ ಚೀಲ ಕೆಳಗಿಟ್ಟಿಲ್ಲ. ಎರಡೂ ಮುಷ್ಟಿ, ಹೊಟ್ಟೆಗೇ, ದಬದಬ. ಅಕ್ಕ ಗೋಡೆಗೆ ಒರಗಿದ್ದಾಳೆ. ಹೊಡೆಸಿಕೊಳ್ಳುತ್ತಿದ್ದಾಳೆ. ತಡೆಯಲು ಹೋಗುವುದಿಲ್ಲ ನಾನು. ನೋಡುತ್ತಿದ್ದೇನೆ, ಕಣ್ಣಾರೆ ನೋಡುತ್ತಿದ್ದೇನೆ, ಪೆನ್ಸಿಲ್ ಎಲ್ಲಿ —