ಒಂದು ಡಬ್ಬಿ ಹೆಪ್ಪಿದ್ದಿಲು

ಫೆಬ್ರುವರಿ ಮೂವತ್ತು, 2243
ಸೇಡಂ ಸೀಮೆ

ಇನ್ನೂರು ವರ್ಷ ಹಿಂದಿನ ನನ್ನ ಹಿರಿಯರೇ,

ಹೌದು, ನಮ್ಮ ಫೆಬ್ರುವರಿಗೆ ಮೂವತ್ತು ದಿನ. ಅದನ್ನು ವಿವರಿಸಲು ಕೂತರೆ ಕಾಗದ ಸಾಲದು. ಕೆಲವು ಮಾತು ವಿಚಿತ್ರ ಎನಿಸಿದರೆ ಮನ್ನಿಸಿ. ನಾನು ಗುಂಡಮ್ಮ, ಈ ಊರಿನ ಅಲೆಯೊಲೆಯ ಉಸ್ತುವಾರಿ. ಅಲೆಯೊಲೆ ಎಂದರೆ ಆಳೆತ್ತರದ ಉಕ್ಕಿನ ಡ್ರಮ್ಮು. ತೊಗರಿ ಕಟ್ಟಿಗೆಯ ಪುಡಿ ತುಂಬಿ, ನೀವು ಮೈಕ್ರೋವೇವ್ ಎನ್ನುವ ಅಲೆಗಳಿಂದ ಕಾಯಿಸಿದರೆ ಉರಿಯುವ ಅನಿಲ ಬರುತ್ತದೆ. ನಮ್ಮ ಅಡುಗೆ, ಆಸ್ಪತ್ರೆಯ ಕರೆಂಟು ಎಲ್ಲ ಅದರಿಂದಲೇ. ಆದರೆ ಒಣ ಕಟ್ಟಿಗೆ ಈ ಅಲೆಗಳಿಗೆ ಜಗ್ಗುವುದಿಲ್ಲ. ಇದ್ದಿಲು ಬೇಗ ಕಾಯುತ್ತದೆ. ಅದಕ್ಕೇ ಪ್ರತಿ ಸಲ ಉಳಿದ ಇದ್ದಿಲಿನಲ್ಲಿ ಒಂದಿಷ್ಟು ಎತ್ತಿಟ್ಟು ಮುಂದಿನ ಸಲಕ್ಕೆ ಬೆರೆಸುತ್ತೇವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಅದನ್ನು ಹೆಪ್ಪಿದ್ದಿಲು ಎನ್ನುತ್ತೇವೆ.

ಹೋದ ಆಯುಧಪೂಜೆಗೆ ನನ್ನ ಬುದ್ಧಿಗೆ ಮಂಕು ಕವಿಯಿತು. ಡ್ರಮ್ಮು ಫಳಫಳ ಹೊಳೆಯಲಿ ಎಂದು ಒಳಗೆಲ್ಲ ತಿಕ್ಕಿ ತೊಳೆಸಿ, ಇದ್ದಿಲನ್ನು ಚೂರೂ ಬಿಡದೆ ಹರಿಯುವ ಹಳ್ಳಕ್ಕೆ ಚೆಲ್ಲಿಸಿದೆ. ಕುಂಕುಮ ಹಚ್ಚಿ ಕೈಮುಗಿದೆ. ಮರುದಿನ ಮಗಳು ಕಸ್ತೂರಿ ಏಳು ತಿಂಗಳಿಗೇ ಹೆತ್ತಳು. ಹಿಡಿಯಷ್ಟು ಕೂಸು, ಆಸ್ಪತ್ರೆಯವರು ಬೆಚ್ಚನೆ ಪೆಟ್ಟಿಗೆಯಲ್ಲಿ ಇಟ್ಟರು. ಪೆಟ್ಟಿಗೆಗೆ ಕರೆಂಟು ಬೇಕು, ಟ್ಯಾಂಕಿನಲ್ಲಿ ಸಂಜೆಯವರೆಗಿನ ಅನಿಲವಷ್ಟೇ ಇತ್ತು. ಡ್ರಮ್ಮು ತುಂಬಿ ಅಲೆ ಬಿಟ್ಟರೆ ಕಟ್ಟಿಗೆ ಉಗುರುಬೆಚ್ಚಗಾಗಿ ಸುಮ್ಮನೆ ಕೂತಿತು. ಸುಟ್ಟು ಇದ್ದಿಲು ಮಾಡೋಣ ಎಂದರೆ, ಬಯಲಲ್ಲಿ ಬೆಂಕಿ ಹಚ್ಚಿಯೇ ಗೊತ್ತಿಲ್ಲದ ಜನ ನಾವು. ಎರಡು ಹೊರೆ ಕಟ್ಟಿಗೆ ಬೂದಿ ಮಾಡಿ ಪೆಚ್ಚಾಗಿ ನಿಂತೆವು.

ನಾನು ಅಲ್ಲೇ ಕೂತು ಅತ್ತೆ. ಪಕ್ಕದ ಮನೆಯ ಮುದುಕಿ ಭೀಮಬಾಯಿ ಒಂದು ಡಬ್ಬಿ ತಂದು ಮಡಿಲಿಗೆ ಹಾಕಿದಳು. “ಅಳೋದು ಬಿಡ, ಹುಚ್ಚಿ! ನಾ ಹಲ್ಲು ತಿಕ್ಕೋ ಇದ್ದಿಲು ಅದ ಇದು. ನಿನ್ನ ಡ್ರಮ್ಮಿಂದಾನೇ ಒಯ್ದಿದ್ದೆ. ಲಗೂನ ಹಾಕು, ನಡಿ!” ಸಣ್ಣ ರಾಶಿಗೆ ಬೆರೆಸಿದೆ, ಅದು ಕಾಯಿತು. ಅದರ ಇದ್ದಿಲನ್ನು ದೊಡ್ಡ ರಾಶಿಗೆ ಬೆರೆಸಿದೆ. ಹೊತ್ತು ಮುಳುಗುವ ಮೊದಲೇ ಅನಿಲ ಬಂತು. ಕೂಸು ಉಳಿಯಿತು.

ಈಗ ನನ್ನ ಮಾತು ಕೇಳಿ. ನಿಮ್ಮ ಕಾಲದಲ್ಲಿ ತೊಗರಿ ಕಟ್ಟಿಗೆಯನ್ನು ಹೊಲದಲ್ಲೇ ಸುಟ್ಟು ಕೈತೊಳೆದುಕೊಳ್ಳುತ್ತಿದ್ದರಂತೆ. ಓದಿದಾಗ ನನಗೆ ಮೈಯೆಲ್ಲ ಉರಿಯಿತು. ನಿಮ್ಮೂರಲ್ಲೂ ಯಾರೋ ಒಬ್ಬರು, ಹಳೇ ಮೈಕ್ರೋವೇವ್ ಬಿಚ್ಚಿಟ್ಟುಕೊಂಡು, ತಗಡಿನ ಶೆಡ್ಡಿನಲ್ಲಿ ಮೊಟ್ಟಮೊದಲ ಅಲೆಯೊಲೆ ಮಾಡಲು ಪ್ರಯತ್ನಿಸುತ್ತಿರಬಹುದು. ಹತ್ತು ಸಲ ಸೋತಿರಬಹುದು. ಊರೆಲ್ಲ ನಗುತ್ತಿರಬಹುದು. ನೀವು ನಗಬೇಡಿ. ಒಂದು ಹೊರೆ ಕಟ್ಟಿಗೆ ಹೊತ್ತುಕೊಂಡು ಹೋಗಿ ಅವರ ಬಾಗಿಲಿಗೆ ಹಾಕಿ ಬನ್ನಿ. ಇವತ್ತೇ ಹೋಗಿ.

ನನ್ನ ಮೊಮ್ಮಗಳು ನಿನ್ನೆ ಮೊದಲ ಸಲ ಬೋರಲು ಬಿದ್ದಳು. ನೀವು ಹೋಗದಿದ್ದರೆ ಅವಳಿಲ್ಲ.

ನಿಮ್ಮ
ಗುಂಡಮ್ಮ