ಐವತ್ತು ಅವಳದೇ ಇರಲಿ

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಇವತ್ತು ಗೆದ್ದು ಕೂತಿದ್ದಾಳೆ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಮಧ್ಯೆ ನಗುತ್ತೀಯ, ಅದಕ್ಕೇ ಕಾಗದ. ನಿಧಾನವಾಗಿ ಓದು.

ನಾನೂ ಗುಂಡನೂ ಇವರ ಮನೆಗೆ ಬಂದು ಏಳು ತಿಂಗಳಾಯಿತು. ಎರಡು ಸಂಸಾರ ಒಂದಾದಾಗ ಪಾತ್ರೆ, ಹಾಸಿಗೆ, ಕುರ್ಚಿ ಎಲ್ಲ ಎರಡೆರಡಾದವು. ಹಾಗೇ ಟಿವಿಗೆ ಹಾಕಿ ಆಡುವ ಗೇಮ್ ಯಂತ್ರಗಳೂ. ನನ್ನ ಮಗನದು ನಡುಮನೆಯಲ್ಲಿ, ಇವರ ಮಗಳದು ಅವಳ ರೂಮಿನಲ್ಲಿ. ಇವರ ಹಳೆಯದೊಂದು ಅಟ್ಟದಿಂದಿಳಿದು ನಮ್ಮ ಮಂಚದ ಪಕ್ಕ ಸೇರಿತು. ಮೂರಕ್ಕೂ ಒಂದೇ ವೈಫೈ.

ಗುಂಡ ತನ್ನದನ್ನು ಆನ್ ಮಾಡಿದರೆ ಅವಳ ಆಟ ಕಡಿದುಹೋಗುತ್ತಿತ್ತು. ಅವಳು ಮಾಡಿದರೆ ಇವನದು. ಬೇಕಂತಲೇ ಮಾಡ್ತಾನೆ ಅಂತ ಅವಳು, ಅವಳೇ ಮಾಡೋದು ಅಂತ ಇವನು. ಹದಿನಾಲ್ಕರ ಹುಡುಗಿ, ಹತ್ತರ ಹುಡುಗ. ಊಟಕ್ಕೆ ಕೂತರೆ ಒಬ್ಬೊಬ್ಬರ ಮುಖ ಒಂದೊಂದು ಗೋಡೆಗೆ. ನನ್ನ ಜೊತೆಗಂತೂ ಅವಳ ಮಾತು ಮೊದಲಿಂದಲೂ ಅಷ್ಟಕ್ಕಷ್ಟೆ. ಹದಿನೈದು ದಿನದ ಹಿಂದೆ ಬಾಗಿಲಲ್ಲಿ ನಿಂತು, "ನೀವು ಬರೋಕೆ ಮುಂಚೆ ಈ ಮನೇಲಿ ಎಲ್ಲ ಸರಿಯಾಗಿತ್ತು" ಅಂದಳು. ವೈಫೈ ವಿಷಯಕ್ಕೆ ಅಂದದ್ದು ಅಂತ ಇವರು ಸಮಾಧಾನ ಹೇಳಿದರು. ನಾನೂ ಹಾಗೇ ತಿಳಿದುಕೊಂಡೆ ಅಂತ ಇಟ್ಟುಕೋ.

ನಿನ್ನೆ ಇಂಟರ್ನೆಟ್ಟಿನ ರಿಪೇರಿಯವನು ಬಂದ. ಎಲ್ಲದರ ಸೆಟ್ಟಿಂಗ್ ಅಳಿಸಿ ಹೊಸದಾಗಿ ಹಾಕ್ತೀನಿ ಅಂದ. ಹುಡುಗಿ ತನ್ನ ಯಂತ್ರವನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಇವರು ಗದರಿದರು, ಅವಳು ಕದಲಲಿಲ್ಲ. ಬೇರೆ ದಾರಿ ಇಲ್ಲವೇ ಅಂತ ನಾನು ಕೇಳಿದ್ದಕ್ಕೆ ಅವನು, "ಬಿಡಿ ಮೇಡಂ, ಇದೆಲ್ಲ ನಿಮಗೆ ತಿಳಿಯಲ್ಲ" ಅಂದ. ಸರಿ, ಹೋಗಿ ಬಾರಪ್ಪ ಅಂತ ಕಳಿಸಿದೆ.

ಆಮೇಲೆ ಅವಳ ರೂಮಿನ ಹೊಸ್ತಿಲ ಹತ್ತಿರ ಕೂತೆ. ಏನೂ ಅಳಿಸಲ್ಲ, ಒಳಗೇನಿದೆ ಅಂತ ತೋರಿಸು ಸಾಕು ಅಂದೆ. ಬಹಳ ಹೊತ್ತಾದ ಮೇಲೆ ತೋರಿಸಿದಳು. ವೈಫೈಗೆ ಸೇರಿದ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಇರುತ್ತೆ, ಬರೀ ಅಂಕಿಗಳದ್ದು. ಸಾಮಾನ್ಯವಾಗಿ ರೂಟರೇ ಅದನ್ನು ಹಂಚುತ್ತದೆ. ಅವಳದನ್ನು ಯಾರೋ ಕೈಯಾರೆ ತುಂಬಿದ್ದರು, ವಿಳಾಸದ ಕೊನೆಯ ಅಂಕಿ ಐವತ್ತು. ಯಾರು ಹಾಕಿದ್ದು ಅಂದೆ. "ಅಮ್ಮ" ಅಂದಳು. ಕಾಯಿಲೆ ಬಿದ್ದ ವರ್ಷ, ಸ್ವಲ್ಪ ಗೆಲುವಾಗಿದ್ದ ಒಂದು ಬೆಳಿಗ್ಗೆ, ಮಗಳ ಜೊತೆ ನೆಲದ ಮೇಲೆ ಕೂತು ಹಾಕಿಕೊಟ್ಟದ್ದಂತೆ.

ನಡುಮನೆಗೆ ಬಂದು ಗುಂಡನದನ್ನು ತೆಗೆದು ನೋಡಿದೆ. ನಮ್ಮ ಹಳೇ ಮನೆಯಲ್ಲಿ ಅಂಗಡಿಯವನು ಹಾಕಿಕೊಟ್ಟಿದ್ದ ವಿಳಾಸ. ಅದೂ ಐವತ್ತೇ.

ಅಕ್ಕ, ಹದಿನೆಂಟು ವರ್ಷದಿಂದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದೇನೆ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಬಿದ್ದರೆ ಏನಾಗುತ್ತೆ ಅಂತ ನನಗೆ ಯಾರೂ ಪಾಠ ಹೇಳಬೇಕಿಲ್ಲ.

ಅವಳದನ್ನು ಬದಲಾಯಿಸು, ಎರಡು ನಿಮಿಷದ ಕೆಲಸ ಅಂದರು ಇವರು. ಐವತ್ತು ಅವಳದೇ ಇರಲಿ, ಬದಲಾಗಬೇಕಾದದ್ದು ನಮ್ಮದು ಅಂದೆ. ಗುಂಡ ಮುಖ ಊದಿಸಿದ. ಐವತ್ತೊಂದು ಇನ್ನೂ ದೊಡ್ಡದು ಕಣೋ ಅಂದ ಮೇಲೆ ಒಪ್ಪಿದ.

ಇವತ್ತು ಬೆಳಿಗ್ಗೆ ಕೈಪಿಡಿ ತೊಡೆಯ ಮೇಲಿಟ್ಟುಕೊಂಡು ರೂಟರಿನ ಸೆಟ್ಟಿಂಗ್ ತೆರೆದೆ. ಎರಡು ಸಲ ಪಾಸ್‌ವರ್ಡ್ ತಪ್ಪಿತು. ಒಂದು ಸಲ ಇಡೀ ಮನೆಯ ವೈಫೈಯೇ ಹೋಯಿತು. ಇವರು ಮೆಲ್ಲಗೆ ಅಡುಗೆಮನೆಗೆ ಜಾರಿದರು. ಆಗ ಹುಡುಗಿ ಬಂದು ಪಕ್ಕದಲ್ಲಿ ಕೂತು ಅಂಕಿಗಳನ್ನು ಓದಿ ಹೇಳತೊಡಗಿದಳು. ಐವತ್ತನ್ನು ಬೇರೆ ಯಾರಿಗೂ ಸಿಗದ ಹಾಗೆ ಅವಳ ಹೆಸರಿಗೆ ಕಾಯ್ದಿರಿಸಿದೆ. ಗುಂಡನಿಗೆ ಐವತ್ತೊಂದು, ಇವರ ಹಳೇ ಯಂತ್ರಕ್ಕೆ ಐವತ್ತೆರಡು.

ಹನ್ನೊಂದಕ್ಕೆ ಮೂರನ್ನೂ ಒಟ್ಟಿಗೆ ಆನ್ ಮಾಡಿದೆವು. ಒಂದು ನಿಮಿಷ, ಐದು, ಹತ್ತು. ಯಾವುದೂ ಕಡಿಯಲಿಲ್ಲ. ರೂಮಿನೊಳಗಿಂದ ಅವಳ ದನಿ ಕೇಳಿಸಿತು: "ಏ ತಮ್ಮಾ, ಸೇತುವೆ ನಾನು ಕಾಯ್ತೀನಿ, ನೀನು ಓಡು." ಏಳು ತಿಂಗಳಿಂದ ಅವನು ಅವಳಿಗೆ ಬರೀ 'ಅವನು' ಆಗಿದ್ದ, ಅಕ್ಕ.

ನಾನು ನಿಂತಲ್ಲೇ ಒಂದು ಸುತ್ತು ಕುಣಿದೆ. ಇವರು ನೋಡಿದರು. ನೋಡಲಿ ಬಿಡು.

ನಿನ್ನ,
ರಿಪೇರಿ ತಂಗಿ

ತಾ.ಕ.: ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ರಜೆ ಇದೆ ಅಂತ ಗುಂಡನನ್ನು ಕರೆದುಕೊಂಡು ನಿನ್ನ ಮನೆಗೆ ಬಂದಿದ್ದೆನಲ್ಲ, ರಜೆ ಇರಲಿಲ್ಲ. ನಿನ್ನಲ್ಲೇ ಉಳಿದುಬಿಡೋಣ ಅಂತ ಬಂದಿದ್ದೆ. ಹೇಳಲು ಬಾಯಿ ಬರಲಿಲ್ಲ. ಚೀಲದ ತಳದಲ್ಲಿ ಅವನ ಶಾಲೆಯ ಸರ್ಟಿಫಿಕೇಟುಗಳೂ ಇದ್ದವು. ಇವತ್ತು ಅವನ್ನು ಹುಡುಗಿಯ ಫೈಲಿಗೇ ಸೇರಿಸಿ ಬೀರುವಿನಲ್ಲಿಟ್ಟೆ. ಬೇರೆ ಫೈಲು ಯಾಕೆ?