ನಲವತ್ತು ಸಾಲು, ಒಂದು ಸಾಲು

ಶನಿವಾರ, ಮಧ್ಯಾಹ್ನ

ನನ್ನ ಅತಿಜಾಣ ತಮ್ಮನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ದಿನವಿಡೀ ಬೆನ್ನಿಗೆ ಬೆನ್ನು ಹಾಕಿ ಕೂರುವವರು ನಾವು. ಬಾಯಿಬಿಟ್ಟರೆ ಜಗಳವೇ ಆಗುತ್ತದೆಂದು ಬರೆಯುತ್ತಿದ್ದೇನೆ.

ನನ್ನ ಪ್ರಾಂಪ್ಟಿನ ಸ್ಕ್ರಿಪ್ಟು ನಲವತ್ತು ಸಾಲಿತ್ತು, ಒಪ್ಪಿದೆ. ಹೀಗಿದ್ದರೆ ಹಾಗೆ, ಹಾಗಿದ್ದರೆ ಹೀಗೆ ಎಂದು ಅಜ್ಜಿಕಥೆಯಷ್ಟು ಉದ್ದ. ಆದರೆ ಪ್ರತಿ ಆಜ್ಞೆ ಕೊಡುವ ಮುನ್ನ ಅದು ನಾನು ಯಾವ ಯಂತ್ರದೊಳಗಿದ್ದೇನೆಂದು ತೆರೆಯ ಮೇಲೆ ಹೇಳುತ್ತಿತ್ತು. ನನ್ನ ಮೇಜಿನ ಯಂತ್ರವಾದರೆ ಏನೂ ಇಲ್ಲ. ರೋಗಿಗಳ ವರದಿಯಿರುವ ಸರ್ವರ್ ಆದರೆ ಕೆಂಪಕ್ಷರದಲ್ಲಿ 'ಅಸಲಿ'. ಯಾವುದೆಂದು ತಿಳಿಯದಿದ್ದರೆ 'ಗೊತ್ತಿಲ್ಲ, ಕೈ ತೆಗೆ'. ಆ ಕೊನೆಯ ಮಾತು ಹಿಂದೊಮ್ಮೆ ಪೆಟ್ಟು ತಿಂದು ಸೇರಿಸಿದ್ದು.

ನೀನು ನನ್ನನ್ನು ಒಂದು ಮಾತೂ ಕೇಳದೆ ಎಲ್ಲವನ್ನೂ ಒಂದೇ ಸಾಲಿಗೆ ಇಳಿಸಿದೆ. ವೇರಿಯಬಲ್ ಎಂಬ ಡಬ್ಬಿಯಲ್ಲಿ ಯಂತ್ರದ ಹೆಸರಿದ್ದರೆ ತೋರಿಸು, ಖಾಲಿಯಿದ್ದರೆ ಸುಮ್ಮನಿರು. ಮಂಗಳವಾರ ಅದು ಸುಮ್ಮನಿತ್ತು. ನಾನು ಸರ್ವರಿನಲ್ಲಿದ್ದೂ ನನ್ನ ಮೇಜಿನ ಯಂತ್ರವೆಂದುಕೊಂಡು ಒಂದು ಫೋಲ್ಡರ್ ಅಳಿಸಿದೆ. ಮೂರು ದಿನದ ರಕ್ತಪರೀಕ್ಷೆಯ ವರದಿಗಳು ಹೋದವು. ಮಕ್ಕಳ ವಾರ್ಡಿನಲ್ಲಿ ಹನ್ನೊಂದು ಮಕ್ಕಳಿಗೆ ಮತ್ತೆ ಸೂಜಿ ಚುಚ್ಚಿದರು. ನಾನು ಹೊರಗೆ ನಿಂತು ಆ ಅಳು ಕೇಳಿಸಿಕೊಂಡೆ.

ಬುಧವಾರದ ಸಭೆಯಲ್ಲಿ ಮುಖ್ಯಸ್ಥರು ಆ ಕೆಂಪಕ್ಷರ ಯಾಕಮ್ಮಾ ಬರಲಿಲ್ಲ ಅಂತ ನನ್ನನ್ನು ಕೇಳಿದರು. ನಾನು ನಿನ್ನ ಮುಖ ನೋಡಿದೆ. ನೀನು ಪೆನ್ನಿನ ಮುಚ್ಚಳ ತಿರುಗಿಸುತ್ತಾ, ನಂಗೊತ್ತಿಲ್ಲ ಸಾರ್ ಅಂದೆ. ಕೀಬೋರ್ಡಿನ ಮೇಲೆ ಬೆರಳಿಡಲು ಕಲಿಸಿದ ಅಕ್ಕ ನಾನು. ಹತ್ತಿದ ಏಣಿ ಒದೆಯುವುದನ್ನು ಯಾರು ಕಲಿಸಿದರೋ ಕಾಣೆ.

ಸೋಮವಾರ ವಿಚಾರಣೆ. ನನ್ನ ಕೆಲಸ ಉಳಿಯುವುದೋ ಹೋಗುವುದೋ ಅಂದೇ ತೀರ್ಮಾನ. ಆ ಸಾಲು ನಿನ್ನದೆಂದು ನೀನೇ ಎದ್ದು ಹೇಳಬೇಕು. ಹೇಳದಿದ್ದರೆ ನನಗೆ ತಮ್ಮನಿಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಮೇಲೆ ಉರಿದುಬಿದ್ದಿರುವ,
ಅಕ್ಕ

ತಾ.ಕ.: ಪತ್ರ ಮಡಚುವ ಮುಂಚೆ ವೇರಿಯಬಲ್ ಖಾಲಿಯಾದದ್ದು ಹೇಗೆಂದು ಯಾರು ಯಾವಾಗ ಏನು ಮಾಡಿದರೆಂದು ಬರೆದಿಡುವ ಸರ್ವರಿನ ಲಾಗ್ ತೆಗೆದೆ. ಅದಕ್ಕೆ ಹೆಸರು ತುಂಬುತ್ತಿದ್ದ ಫೈಲನ್ನು ಅಳಿಸಿದವಳು ನಾನೇ. ಹೋದ ತಿಂಗಳು ನೀನು ಜಗಳವಾಡಿ ಮನೆ ಬಿಟ್ಟೆಯಲ್ಲ, ಆ ಸಿಟ್ಟಿಗೆ ನೀನು ಬರೆದ ಫೈಲುಗಳನ್ನೆಲ್ಲ ಓದದೆ ಕಿತ್ತೆಸೆದಿದ್ದೆ. ಅದಾದ ಮೇಲೆ ನಾನು ಆ ಸರ್ವರಿಗೆ ಹೋದದ್ದು ಮಂಗಳವಾರವೇ. ಸಭೆಗೆ ಒಂದು ಗಂಟೆ ಮೊದಲು ಇದೇ ಲಾಗನ್ನು ನೀನೂ ತೆರೆದು ನೋಡಿದ್ದೀಯ. ತೆರೆದವರ ಪಟ್ಟಿಯಲ್ಲಿ ನಿನ್ನ ಹೆಸರೂ ಹೊತ್ತೂ ಇದೆ. ಬಾಯಿಬಿಟ್ಟಿದ್ದರೆ ನನ್ನ ಕೆಲಸ ಅವತ್ತೇ ಹೋಗುತ್ತಿತ್ತು. ನಂಗೊತ್ತಿಲ್ಲ ಅಂದೆಯಲ್ಲೋ, ಕತ್ತೆ. ಸೋಮವಾರ ನೀನು ಏಳಬೇಡ. ನಾನೇ ಎದ್ದು ಹೇಳುತ್ತೇನೆ.